ಸುರತ್ಕಲ್‌ನಿಂದ ಮರವಂತೆಗೆ ನಡೆದೇ ಹೋಗೋಣ: ಎಂಟು ದಿನದ ರಜೆಗೆ ಹೀಗೊಂದು ತಯಾರಿ

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡೇ ಮಾತು. ಕಾರು ಬಾಡಿಗೆಗೆ ಹಿಡಿದು ಊಟಿಗೋ ಚಿಕ್ಕಮಗಳೂರಿಗೋ ಹೋಗುವುದು, ಇಲ್ಲವೇ ಸಂಬಂಧಿಕರ ಮನೆ ಸುತ್ತುವುದು. ಕಾರಿನಲ್ಲಿ ಮಕ್ಕಳು ಮೊಬೈಲ್ ನೋಡುತ್ತಾ ಹೋಗಿ ಮೊಬೈಲ್ ನೋಡುತ್ತಾ ವಾಪಸ್ ಬರುತ್ತಾರೆ. ಸಂಬಂಧಿಕರ ಮನೆಗೆ ಹೋದರೆ ಹೆಂಗಸರಿಗೆ ಅಡುಗೆಕೋಣೆ ಬದಲಾಗುತ್ತದೆ, ಕೆಲಸ ಅದೇ. ಗಲ್ಫಿನಿಂದ ತಿಂಗಳ ರಜೆಗೆ ಬಂದವರ ಪಾಡು ಇನ್ನೂ ಕಷ್ಟ. ಮದುವೆ, ಔತಣ, ಬ್ಯಾಂಕು, ಮನೆ ರಿಪೇರಿ ಅಂತ ದಿನ ಮುಗಿದು, ಮಗನ ಜೊತೆ ಒಂದು ಗಂಟೆ ಕೂತು ಮಾತಾಡದೆಯೇ ವಿಮಾನ ಹತ್ತುವವರನ್ನು ನಾವು ಎಷ್ಟೋ ಮಂದಿ ನೋಡಿದ್ದೇವೆ.

ನಾವು ಕೆಲವು ಉಸ್ತಾದರು, ಹಳೆಯ ವಿದ್ಯಾರ್ಥಿಗಳು, ಅವರ ಮನೆಯವರು ಸೇರಿ ಈ ದಾರಿಯನ್ನು ತುಂಡುತುಂಡಾಗಿ ನಡೆದು ನೋಡಿದ್ದೇವೆ. ಸಮುದ್ರದ ಬದಿ ಹಿಡಿದು ದಿನಕ್ಕೆ ಹತ್ತು, ಹನ್ನೆರಡು, ಹೆಚ್ಚೆಂದರೆ ಹದಿನಾಲ್ಕು ಕಿಲೋಮೀಟರ್. ಎಂಟು ದಿನಕ್ಕೆ ಸುಮಾರು 95 ಕಿಲೋಮೀಟರ್. ಹೋಟೆಲ್ ಪ್ಯಾಕೇಜ್ ಬೇಡ, ಗೈಡ್ ಬೇಡ. ಆದರೆ ತಯಾರಿ ಬೇಕೇ ಬೇಕು. ಕಡಲು ನಮ್ಮ ಮನೆಯ ಹಿಂದೆಯೇ ಇದೆ ಅಂತ ಅದನ್ನು ಹಗುರ ಮಾಡುವ ಹಾಗಿಲ್ಲ.

ಮೊದಲು ಕಾಲ ನೋಡಿ. ಮಳೆಗಾಲದಲ್ಲಿ ಈ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ಅಲೆ ದಂಡೆಯನ್ನೇ ತಿನ್ನುತ್ತಿರುತ್ತದೆ. ಏಪ್ರಿಲ್, ಮೇಯಲ್ಲಿ ಶಾಲೆಗೆ ರಜೆ ಇದ್ದರೂ ಸೆಕೆ ತಡೆಯಲಾಗದು. ಡಿಸೆಂಬರ್ ಮಧ್ಯದಿಂದ ಫೆಬ್ರವರಿಯೊಳಗೆ ಬೆಳಗ್ಗಿನ ಹೊತ್ತು ತಂಪು, ಸಂಜೆ ಕಡಲಗಾಳಿ. ರಂಝಾನ್ ಯಾವಾಗ ಬರುತ್ತದೆಂದು ನೋಡಿಕೊಂಡು ಅದಕ್ಕೆ ಮುಂಚೆಯೇ ದಿನ ಗೊತ್ತುಮಾಡಿ.

ಆಮೇಲೆ ಉಬ್ಬರ ಇಳಿತ. ನಡೆಯುವವನಿಗೆ ಇದೇ ಮುಖ್ಯ ಲೆಕ್ಕ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಸಿಮೆಂಟು ನೆಲದ ಹಾಗೆ ಗಟ್ಟಿಯಾಗಿರುತ್ತದೆ, ಕಾಲು ಹೂತುಹೋಗುವುದಿಲ್ಲ. ಉಬ್ಬರದಲ್ಲಿ ಮೇಲಿನ ಸಡಿಲು ಮರಳಿನಲ್ಲಿ ನಡೆಯಬೇಕು, ಒಂದು ಕಿಲೋಮೀಟರ್‌ಗೇ ಮೀನಖಂಡ ಸೋಲುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಗ್ಗೆ 7ಕ್ಕೆ ಇಳಿತವಾದರೆ ನಾಳೆ 7.50ರ ಹೊತ್ತಿಗೆ. ನಾಲ್ಕು ದಿನದಲ್ಲಿ ಮೂರು ಗಂಟೆಗಿಂತ ಹೆಚ್ಚು ಸರಿದಿರುತ್ತದೆ. ಹಿಜರಿ ಕ್ಯಾಲೆಂಡರ್ ಗೋಡೆಯಲ್ಲಿ ತೂಗುಹಾಕುವ ನಮಗೆ ಇನ್ನೊಂದು ಅನುಕೂಲವಿದೆ: ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಮುತ್ತ, ಅಂದರೆ ತಿಂಗಳ ಆರಂಭದಲ್ಲಿ ಮತ್ತು 14, 15ರ ಆಸುಪಾಸಿನಲ್ಲಿ, ಉಬ್ಬರ ಜೋರು, ಇಳಿತವೂ ಜಾಸ್ತಿ. ಮೊಬೈಲಿನಲ್ಲಿ ಉಬ್ಬರದ ಪಟ್ಟಿ ಸಿಗುತ್ತದೆ. ಅದರ ಜೊತೆ ಆಯಾ ಊರಿನ ಮೀನುಗಾರರನ್ನೂ ಕೇಳಿ.

ಇನ್ನು ದಾರಿ. ಉಳ್ಳಾಲದಿಂದಲೇ ಯಾಕೆ ಹೊರಡಬಾರದು ಅಂತ ಕೇಳುವವರಿದ್ದಾರೆ. ನೇತ್ರಾವತಿ, ಫಲ್ಗುಣಿ ನದಿಗಳು ಸಮುದ್ರ ಸೇರುವ ಅಳಿವೆ ಒಂದು ತಡೆ, ಪಣಂಬೂರಿನ ಬಂದರು ಇನ್ನೊಂದು ತಡೆ. ದಂಡೆ ಅಲ್ಲಲ್ಲಿ ಕಡಿದುಹೋಗುತ್ತದೆ. ಆದ್ದರಿಂದ ಸುರತ್ಕಲ್ ದೀಪಸ್ತಂಭದ ಬುಡದಿಂದ ಹೊರಡುವುದು ಸುಲಭ.

ಮೊದಲ ದಿನ ಸುರತ್ಕಲ್‌ನಿಂದ ಮುಕ್ಕ ದಾಟಿ ಸಸಿಹಿತ್ಲು. ಒಂದು ಬದಿ ನಂದಿನಿ ಹೊಳೆ, ಇನ್ನೊಂದು ಬದಿ ಕಡಲು. ತುದಿಯಲ್ಲಿ ಅಳಿವೆ, ಮುಂದೆ ದಾರಿಯಿಲ್ಲ. ಹಳೆಯಂಗಡಿಗೆ ಬಂದು ಹೆದ್ದಾರಿಯಲ್ಲಿ ಮೂಲ್ಕಿ ಸೇರಬೇಕು. ಎರಡನೇ ದಿನ ಮೂಲ್ಕಿ ಸೇತುವೆ ದಾಟಿ ಹೆಜಮಾಡಿ, ಪಡುಬಿದ್ರಿ, ಉಚ್ಚಿಲ. ಪಡುಬಿದ್ರಿಯ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಶೌಚಾಲಯ, ನೆರಳು ಇರುವ ಜಾಗ. ಅಲ್ಲಿಯ ಸಣ್ಣ ಹೊಳೆಯನ್ನು ನೀರಿಗಿಳಿದು ದಾಟಬೇಡಿ, ರಸ್ತೆಗೆ ಬನ್ನಿ. ಮೂರನೇ ದಿನ ಉಚ್ಚಿಲದಿಂದ ಕಾಪು, ಮಟ್ಟು. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ಸಂಜೆ ಹತ್ತಲು ಬಿಡುತ್ತಾರೆ, ಮಕ್ಕಳಿಗೆ ನಡೆದ ದಾರಿಯನ್ನು ಮೇಲಿನಿಂದ ತೋರಿಸಬಹುದು. ಮಟ್ಟುಗುಳ್ಳ ಬೆಳೆಯುವ ಊರು ಮಟ್ಟು. ಮಲಗಲು ಕಟಪಾಡಿಗೆ ಬಂದರೆ ಅನುಕೂಲ.

ನಾಲ್ಕನೇ ದಿನ ಮಟ್ಟುವಿನಿಂದ ಪಡುಕೆರೆ, ಅಲ್ಲಿಂದ ಸೇತುವೆ ದಾಟಿ ಮಲ್ಪೆ. ಒಂಬತ್ತೇ ಕಿಲೋಮೀಟರ್. ಬೇಕೆಂದೇ ಕಮ್ಮಿ ಇಟ್ಟಿದ್ದು. ಮೂರು ದಿನ ನಡೆದ ಕಾಲಿಗೆ ವಿಶ್ರಾಂತಿ ಬೇಕು, ಬಟ್ಟೆ ಒಗೆಯಬೇಕು. ಶಕ್ತಿ ಇದ್ದವರು ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ನಿಲ್ಲಿಸಿದಂತಿರುವ ಕಲ್ಲುಗಳನ್ನು ನೋಡಿ ಬರಬಹುದು. ಐದನೇ ದಿನ ಮಲ್ಪೆಯಿಂದ ಹೂಡೆ, ಕೋಡಿಬೆಂಗ್ರೆ. ಸೋಮವಾರ ಹೊರಟವರಿಗೆ ಇದು ಶುಕ್ರವಾರ ಬರುತ್ತದೆ, ಜುಮಾ ಹೂಡೆಯಲ್ಲಿ ಸಿಗುತ್ತದೆ. ಕೋಡಿಬೆಂಗ್ರೆಯಲ್ಲಿ ಸೀತಾ, ಸುವರ್ಣಾ ನದಿಗಳು ಕಡಲಿಗೆ ಸೇರುತ್ತವೆ. ಅಲ್ಲಿಂದ ಹಂಗಾರಕಟ್ಟೆಗೆ ನೀರಿನ ಮೇಲೆ ದಾಟಬೇಕು. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ತಪ್ಪಿದರೆ ರಸ್ತೆಯಲ್ಲಿ ದೊಡ್ಡ ಸುತ್ತು.

ಆರನೇ ದಿನ ಹಂಗಾರಕಟ್ಟೆಯಿಂದ ಕೋಡಿಕನ್ಯಾಣದ ಮೂಲಕ ಕೋಟ ಪಡುಕೆರೆ. ಏಳನೇ ದಿನ ಕುಂದಾಪುರದ ಕೋಡಿ. ಅಲ್ಲಿ ಎದುರಿಗೇ ಗಂಗೊಳ್ಳಿ ಕಾಣುತ್ತದೆ, ನಡುವೆ ಪಂಚಗಂಗಾವಳಿಯ ಅಳಿವೆ. ದೋಣಿ ಸಿಕ್ಕಿದರೆ ಹತ್ತಿರ, ಇಲ್ಲವಾದರೆ ಕುಂದಾಪುರದಿಂದ ಬಸ್ಸು ಹಿಡಿದು ತ್ರಾಸಿ ಸುತ್ತಿ ಗಂಗೊಳ್ಳಿಗೆ ಬರಬೇಕು. ಎಂಟನೇ ದಿನ ಗಂಗೊಳ್ಳಿಯಿಂದ ತ್ರಾಸಿ, ಮರವಂತೆ. ಬಲಕ್ಕೆ ಸೌಪರ್ಣಿಕಾ, ಎಡಕ್ಕೆ ಕಡಲು, ನಡುವೆ ಹೆದ್ದಾರಿ. ಅಲ್ಲೇ ಮಂಗಳೂರಿನ ಕಡೆಗೆ ಬಸ್ಸು ಸಿಗುತ್ತದೆ.

ಒಂದೇ ಸಲ ಎಂಟು ದಿನ ಆಗದವರು ಚಿಂತೆ ಮಾಡುವುದು ಬೇಡ. ಈ ದಾರಿಯ ದೊಡ್ಡ ಅನುಕೂಲವೇ ಅದು: ಹೆಚ್ಚಿನ ಕಡೆ ಕೆಲವು ಕಿಲೋಮೀಟರ್ ಒಳಗೆ ಹೋದರೆ ಹೆದ್ದಾರಿ, ಬಸ್ಸು. ರಜೆಯ ದಿನಕ್ಕೆ ಒಂದೊಂದು ತುಂಡು ನಡೆದು ರಾತ್ರಿ ಮನೆಗೆ ಬರಬಹುದು. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರನ್ನು ಹಾಗೆಯೇ ಕರೆದುಕೊಂಡು ಹೋಗುವುದು ಒಳ್ಳೆಯದು. ಹೊರಡುವ ಮೊದಲು ಡಾಕ್ಟರರನ್ನು ಕೇಳಿ, ಮದ್ದು ಮತ್ತು ಸಿಹಿ ಜೇಬಿನಲ್ಲೇ ಇರಲಿ.

ದಿನದ ಕ್ರಮ ನಮಾಝಿನ ಜೊತೆ ಚೆನ್ನಾಗಿ ಹೊಂದುತ್ತದೆ. ಸುಬ್ಹಿ ಮುಗಿಸಿ, ಬೆಳಕು ಹರಿಯುತ್ತಲೇ ಹೊರಟು ಹತ್ತು ಹತ್ತೂವರೆಗೆ ನಿಲ್ಲಿಸಿ. ಮರಳಿನಲ್ಲಿ ಗಂಟೆಗೆ ಮೂರು ಕಿಲೋಮೀಟರ್ ಹಿಡಿದರೆ ನಡುವೆ ವಿಶ್ರಾಂತಿ ಸೇರಿಸಿ ಒಂಬತ್ತು ಕಿಲೋಮೀಟರ್ ಆಗುತ್ತದೆ. ಮಧ್ಯಾಹ್ನ ಮಸೀದಿಯ ಹತ್ತಿರವೋ ತೆಂಗಿನ ತೋಟದ ನೆರಳಿನಲ್ಲೋ ಕಳೆದು, ಅಸರ್ ನಂತರ ಉಳಿದ ನಾಲ್ಕು ಕಿಲೋಮೀಟರ್. ಮಗ್ರಿಬ್‌ಗೆ ಊರು ಸೇರಿರಬೇಕು, ಕತ್ತಲೆಯಲ್ಲಿ ದಂಡೆ ಬೇಡ. ದಂಡೆಯಲ್ಲಿ ನಮಾಝ್ ಮಾಡುವುದಾದರೆ ನಮ್ಮ ಕಿಬ್ಲಾ ಕಡಲಿನ ಕಡೆಗೇ, ಸ್ವಲ್ಪ ಬಲಕ್ಕೆ. ಕಡಲ ನೀರಿನಲ್ಲಿ ವುಳೂ ಆಗುತ್ತದೆ. ಕಸ್ರ್, ಜಮ್ಅ್ ಮಾಡಬಹುದೇ ಎಂಬುದು ನೀವು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ನಿಮ್ಮ ಜಮಾಅತಿನ ಖತೀಬರಲ್ಲಿ ಮೊದಲೇ ಕೇಳಿಕೊಳ್ಳಿ. ದಿನಾ ಮನೆಗೆ ಬರುವವರಿಗೆ ಆ ಪ್ರಶ್ನೆಯೇ ಇಲ್ಲ.

ಬ್ಯಾಗ್ ಹಗುರ ಇರಲಿ. ಎರಡು ಜೊತೆ ಬಟ್ಟೆ, ಟೋಪಿ ಅಥವಾ ಶಾಲು, ಒಂದು ತೆಳು ಮುಸಲ್ಲ, ಟಾರ್ಚು, ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ನೀರಿನ ಲೆಕ್ಕ. ಅರ್ಧ ಹೊತ್ತುಕೊಂಡು ಉಳಿದದ್ದನ್ನು ದಾರಿಯಲ್ಲಿ ತುಂಬಿಸಿಕೊಳ್ಳಿ. ಬೊಂಡ ಎಲ್ಲ ಕಡೆ ಸಿಗುತ್ತದೆ. ಹೊಸ ಶೂ ಹಾಕಿಕೊಂಡು ಹೊರಡಬೇಡಿ, ಎರಡನೇ ದಿನಕ್ಕೇ ಬೊಕ್ಕೆ ಏಳುತ್ತದೆ. ಒದ್ದೆಯಾದ ಸಾಕ್ಸನ್ನು ಆಗಲೇ ಬದಲಾಯಿಸಿ. ದಂಡೆ ಕಡಲಿಗೆ ಇಳಿಜಾರಾಗಿರುವುದರಿಂದ ಉತ್ತರಕ್ಕೆ ಹೋಗುವಾಗ ಎಡಗಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ, ಮಂಡಿ ನೋಯುತ್ತದೆ. ಗಂಟೆಗೊಮ್ಮೆ ಮೀನುಗಾರಿಕಾ ರಸ್ತೆಗೆ ಹತ್ತಿ ಸಮತಟ್ಟಿನಲ್ಲಿ ನಡೆಯಿರಿ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ರಜೆಗೆ ಕಡಲಿಗೆ ಹೋದ ಹುಡುಗರು ನೀರುಪಾಲಾದ ಸುದ್ದಿ ಬಾರದ ವರ್ಷವಿಲ್ಲ. ಅಂಥ ಜನಾಝಕ್ಕೆ ನಿಂತವರಿಗೆ ಆ ತಾಯಿಯ ಮುಖ ಮರೆಯುವುದಿಲ್ಲ. ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದೇ ಕಟ್ಟುನಿಟ್ಟು: ಇದು ನಡೆಯುವ ರಜೆ, ಸ್ನಾನದ ರಜೆಯಲ್ಲ. ಮೊಣಕಾಲಿನ ಮೇಲೆ ನೀರಿಗೆ ಯಾರೂ ಇಳಿಯುವಂತಿಲ್ಲ. ಅಳಿವೆಯ ಹತ್ತಿರ ಪಾದವೂ ಒದ್ದೆಯಾಗಬಾರದು. ಮೇಲೆ ನೀರು ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳೆತ ಇರುತ್ತದೆ, ಇಳಿತದ ಹೊತ್ತಿನಲ್ಲಂತೂ ನದಿ ಮತ್ತು ಕಡಲು ಎರಡೂ ಹೊರಗೇ ಎಳೆಯುತ್ತವೆ. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆ ಬಂದಾಗ ಬಂಡೆಯಿಂದ ಬಂಡೆಗೆ ಹಾರುವುದು ಬೇಡ, ಪಾಚಿ ಜಾರುತ್ತದೆ. ರಸ್ತೆಯಲ್ಲಿ ಸುತ್ತಿ ಬನ್ನಿ. ಈ ಮಾತಿಗೆ ಒಪ್ಪದ ಹುಡುಗ ಎಷ್ಟೇ ಹತ್ತಿರದವನಾದರೂ ಮನೆಯಲ್ಲಿರಲಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108 ಎಲ್ಲರಿಗೂ ಬಾಯಿಪಾಠ ಇರಲಿ. ಹೆಜಮಾಡಿ, ಮಲ್ಪೆ, ಗಂಗೊಳ್ಳಿಗಳಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ.

ಇನ್ನೊಂದು ವಿಷಯ ಹೇಳದೆ ಇರಲಾಗದು. ಬ್ಯಾಗು ಹೊತ್ತ ಅಪರಿಚಿತ ಹುಡುಗರ ಗುಂಪನ್ನು ಕಂಡರೆ ಜನ ಸಂಶಯ ಪಡುವ ಕಾಲ ಇದು. ಗುರುತಿನ ಚೀಟಿ ಜೊತೆಗಿರಲಿ. ಹೋದ ಕಡೆ ಮೊದಲು ನಾವೇ ನಗುಮುಖದಲ್ಲಿ ಮಾತಾಡಿಸಬೇಕು, ಎಲ್ಲಿಂದ ಎಲ್ಲಿಗೆ ಎಂದು ಹೇಳಬೇಕು. ಒಣಗಲು ಹಾಕಿದ ಬಲೆ ತುಳಿಯಬಾರದು, ಕೇಳದೆ ಫೋಟೋ ತೆಗೆಯಬಾರದು. ನಮ್ಮ ಅಜ್ಜಂದಿರು ದೋಣಿಯ ಹತ್ತಿರ ಮೀನು ಕೊಂಡು, ತಲೆಹೊರೆಯಲ್ಲಿ, ಸೈಕಲಿನಲ್ಲಿ ಒಳನಾಡಿಗೆ ಒಯ್ದು ಮಾರಿದವರು. ಮೊಗವೀರರ ಮನೆಯಂಗಳ ಅವರಿಗೆ ಗೊತ್ತಿತ್ತು, ಸಾಲದ ಲೆಕ್ಕ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ನಮ್ಮ ಮಕ್ಕಳಿಗೆ ಆ ಪರಿಚಯ ಇಲ್ಲ. ಪಡುಕೆರೆಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ನಮ್ಮ ಹುಡುಗರನ್ನು ಕೂರಿಸಿ, ಯಾವ ಮೋಡಕ್ಕೆ ದೋಣಿ ಇಳಿಸಬಾರದು ಅಂತ ಅರ್ಧ ಗಂಟೆ ಹೇಳಿಕೊಟ್ಟರು. ಅದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಕೊನೆಗೆ ಮನೆಯ ಯಜಮಾನರಿಗೆ ಒಂದು ಮಾತು. ಈ ರಜೆಗೆ ಮನೆಯವಳನ್ನೂ ಮಗಳನ್ನೂ ಕರೆದುಕೊಂಡು ಹೋಗಿ. ಮೂರು ನಾಲ್ಕು ಕುಟುಂಬ ಸೇರಿದರೆ ಅವರವರಿಗೆ ಜೊತೆ ಇರುತ್ತದೆ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂಬುದನ್ನು ಮುಂಚೆಯೇ ನೋಡಿಡುವುದು ಗಂಡಸರ ಕೆಲಸ; ಮಸೀದಿ, ಬಸ್‌ನಿಲ್ದಾಣ, ಕಡಲ ತೀರದ ಪ್ರವಾಸಿ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಸಂಬಂಧಿಕರ ಮನೆಯಲ್ಲಿ ತಂಗುವುದಾದರೆ ಫೋನಿನಲ್ಲೇ ಹೇಳಿಬಿಡಿ: ಬಿರಿಯಾನಿ ಬೇಡ, ಗಂಜಿ, ಮೀನುಸಾರು ಸಾಕು. ಇಲ್ಲವಾದರೆ ಆ ಮನೆಯ ಹೆಂಗಸರು ಬೆಳಗ್ಗಿನಿಂದ ಒಲೆ ಮುಂದೆ, ನಿಮ್ಮ ಮನೆಯವರು ನಡೆದು ಸುಸ್ತಾದ ಮೇಲೆ ಪಾತ್ರೆ ಮುಂದೆ.

ಮನೆಯಲ್ಲಿ ಕೂತು ಇವತ್ತೇ ಮೂರು ಕೆಲಸ ಮಾಡಬಹುದು. ಹಿಜರಿ ಕ್ಯಾಲೆಂಡರ್ ಎದುರಿಟ್ಟು ದಿನ ಗುರುತಿಸಿ. ಯಾರು ಯಾರು ಬರುತ್ತಾರೆ ಎಂದು ಬರೆದಿಡಿ. ಆಮೇಲೆ ಹಳೆಯ ಚಪ್ಪಲಿ ಹಾಕಿಕೊಂಡು ವಾರಕ್ಕೆ ಮೂರು ದಿನ ಸುಬ್ಹಿಯ ನಂತರ ಐದು ಕಿಲೋಮೀಟರ್ ನಡೆದು ಅಭ್ಯಾಸ ಮಾಡಿ. ಒಂದು ತಿಂಗಳು ಇದನ್ನು ಬಿಡದೆ ಮಾಡಿದವರಿಗೆ ಸಸಿಹಿತ್ಲಿನ ಮರಳು ಕಷ್ಟವಾಗುವುದಿಲ್ಲ.