ಮೂಲಾ ನಕ್ಷತ್ರದ ಚಂದ್ರ: ಪಾದ ನೋಡದೆ ದೋಷ ಹೇಳಬಹುದೇ?

‘ಹುಡುಗಿಯದು ಮೂಲಾ ನಕ್ಷತ್ರ, ಮಾವನಿಗೆ ಆಗದು.’ ಈ ಒಂದು ಮಾತಿನಿಂದ ಮುರಿದುಹೋದ ಸಂಬಂಧಗಳನ್ನು ನಾವು ಬಹಳ ಕಂಡಿದ್ದೇವೆ. ಬಸವಣ್ಣನವರು ರಾಶಿಕೂಟ, ತಾರಾಬಲಗಳ ಗೊಡವೆಯೇ ಬೇಡವೆಂದವರು. ಆದರೂ ನಮ್ಮವರ ಮನೆಗಳಲ್ಲಿ ಜಾತಕ ನೋಡುವುದು ನಿಂತಿಲ್ಲ. ನೋಡಲೇಬೇಕೆಂದಾದರೆ ಶಾಸ್ತ್ರ ಹೇಳಿದಷ್ಟನ್ನಾದರೂ ಸರಿಯಾಗಿ ನೋಡಬೇಡವೇ?

ಜನ್ಮನಕ್ಷತ್ರವೆಂದರೆ ಜನನಕಾಲದಲ್ಲಿ ಚಂದ್ರನಿದ್ದ ನಕ್ಷತ್ರ. ಯಾವ ಗ್ರಹವೇ ಆಗಲಿ, ಅದು ನಕ್ಷತ್ರದಲ್ಲಿ ನಿಂತ ಫಲವನ್ನು ಹೇಳುವಾಗ ರಾಶಿ, ನಕ್ಷತ್ರಾಧಿಪತಿ, ಪಾದ ಈ ಮೂರನ್ನೂ ಕೂಡಿಸಿ ಓದಬೇಕು. ಧನುರಾಶಿಯ ಮೊದಲ 13 ಅಂಶ 20 ಕಲೆಗಳೇ ಮೂಲಾ. ರಾಶಿಗೆ ಗುರು ಅಧಿಪತಿ; ವಿಂಶೋತ್ತರೀ ದಶೆಯಂತೆ ನಕ್ಷತ್ರಕ್ಕೆ ಕೇತು; ಅಧಿದೇವತೆ ನಿರೃತಿ. ನಿರೃತಿಯ ಹೆಸರಿಗೇ ಬೆದರಿದವರು ಗುರುವನ್ನು ಮರೆತುಬಿಡುತ್ತಾರೆ.

ಈ ಅಂಜಿಕೆಯ ನಿಜವಾದ ನೆಲೆ ಗಂಡಾಂತ. ಜ್ಯೇಷ್ಠಾ ಮುಗಿದು ಮೂಲಾ ತೊಡಗುವಲ್ಲಿ ರಾಶಿಯೂ ನಕ್ಷತ್ರವೂ ಒಮ್ಮೆಗೇ ಬದಲಾಗುತ್ತವೆ. ಆ ಸಂಧಿಯನ್ನು ಹಿಂದಿನವರು ದುರ್ಬಲವೆಂದು ಎಣಿಸಿದರು. ಆಶ್ಲೇಷಾ ಮುಗಿದು ಮಘಾ ಹುಟ್ಟುವಲ್ಲಿಯೂ ಹೀಗೆಯೇ. ಆದುದರಿಂದಲೇ ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ ಎಂದು ದೋಷ ಹೇಳಿದ ಮುಹೂರ್ತಗ್ರಂಥಗಳೇ ಮೂಲೆಯ ಕೊನೆಯ ಪಾದವನ್ನೂ ಆಶ್ಲೇಷೆಯ ಮೊದಲ ಪಾದವನ್ನೂ ಬಿಟ್ಟುಕೊಟ್ಟಿವೆ. ಎರಡೂ ಸಂಧಿಯಿಂದ ಅತಿ ದೂರದ ಪಾದಗಳು. ಮೊದಲ ಅರ್ಧವಚನವನ್ನು ಬಾಯಿಪಾಠ ಮಾಡಿದವರು ಉಳಿದರ್ಧವನ್ನು ಏಕೆ ನುಂಗಿದರೋ ತಿಳಿಯದು.

ಕಳೆದ ಶ್ರಾವಣದಲ್ಲಿ ತಂದೆಯೊಬ್ಬರು ಮಗಳ ಜಾತಕ ಹಿಡಿದು ನಮ್ಮಲ್ಲಿಗೆ ಬಂದರು. ಅದರಲ್ಲಿ ‘ಮೂಲಾ 3ನೆಯ ಪಾದ’ ಎಂದಿತ್ತು. ಮೂರು ಕಡೆಯವರು ಹಿಂದೆ ಸರಿದಿದ್ದರಂತೆ. ಹುಟ್ಟಿದ ವರ್ಷದ ದೃಗ್ಗಣಿತ ಪಂಚಾಂಗವನ್ನು ತೆಗೆಸಿ ನೋಡಿದೆವು. ಮೂಲಾ ಹಿಂದಿನ ಸಂಜೆ 6 ಗಂಟೆ 20 ನಿಮಿಷಕ್ಕೆ ತೊಡಗಿ ಮರುದಿನ ಸಂಜೆ 4 ಗಂಟೆ 40 ನಿಮಿಷಕ್ಕೆ ಮುಗಿದಿತ್ತು. ಒಟ್ಟು 22 ಗಂಟೆ 20 ನಿಮಿಷ. ಕನ್ಯೆ ಹುಟ್ಟಿದ್ದು ಮರುದಿನ ಬೆಳಗ್ಗೆ 11 ಗಂಟೆ 50 ನಿಮಿಷಕ್ಕೆ, ಎಂದರೆ ನಕ್ಷತ್ರ ತೊಡಗಿ 17 ಗಂಟೆ 30 ನಿಮಿಷಕ್ಕೆ. ಜಾತಕ ಬರೆದವರು ನಕ್ಷತ್ರವನ್ನು 60 ಗಳಿಗೆಯೆಂದೇ ಹಿಡಿದು ನಾಲ್ಕು ಪಾಲು ಮಾಡಿದ್ದರು. ಅವರ ಲೆಕ್ಕಕ್ಕೆ ಮೂರನೆಯ ಪಾದ ಮುಗಿಯಲು 18 ಗಂಟೆ ಬೇಕಾಗಿತ್ತು. ಚಂದ್ರನ ನಡೆ ಒಂದೇ ಸಮನಲ್ಲ. ಒಂದು ನಕ್ಷತ್ರವನ್ನು ದಾಟಲು ಅವನಿಗೆ ಸುಮಾರು 21ರಿಂದ 27 ಗಂಟೆ ಹಿಡಿಯುತ್ತದೆ. ಆ ದಿನ ಪಾದವೊಂದಕ್ಕೆ 5 ಗಂಟೆ 35 ನಿಮಿಷ. ಮೂರನೆಯದು 16 ಗಂಟೆ 45 ನಿಮಿಷಕ್ಕೇ ಮುಗಿದಿತ್ತು. ಕನ್ಯೆಯದು ನಾಲ್ಕನೆಯ ಪಾದ! ನವಾಂಶದಲ್ಲಿ ಚಂದ್ರ ಸ್ವಕ್ಷೇತ್ರವಾದ ಕರ್ಕಾಟಕದಲ್ಲಿದ್ದಾನೆ. ಉಳಿದ ಅಂತರ ಮುಕ್ಕಾಲು ಗಂಟೆ ಮಾತ್ರವಾದುದರಿಂದ ಆಸ್ಪತ್ರೆಯ ದಾಖಲೆಯನ್ನೂ ತರಿಸಿ ಜನನಸಮಯವನ್ನು ತಾಳೆನೋಡಿದೆವು. ಸರಿಯಾಗಿತ್ತು.

ಆ ತಂದೆ ಬಹಳ ಹೊತ್ತು ಮಾತನಾಡಲಿಲ್ಲ.

ಮುಂದಿನ ವಾರ ನಾಲ್ಕನೆಯ ಸಂಬಂಧದವರೂ ಬಂದರು. ಗಣಿತವನ್ನೆಲ್ಲ ವಿವರಿಸಿದೆವು. ವರನ ತಂದೆ ತಲೆದೂಗಿ, ‘ಬುದ್ಧೀ, ಮೂರನೆಯ ಪಾದವೇ ಆಗಿದ್ದರೆ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಒಬ್ಬರ ಆಯುಸ್ಸನ್ನು ಅವರ ಜಾತಕದ ಲಗ್ನ, ಅಷ್ಟಮ, ಶನಿಗಳಿಂದ ಅಳೆಯುವುದು ಶಾಸ್ತ್ರದ ಕ್ರಮ. ಹೊರಗಿನಿಂದ ಬರುವ ಸೊಸೆಯ ಚಂದ್ರನೊಬ್ಬನಿಂದಲೇ ಅಳೆಯುವುದಲ್ಲ ಎಂದೆವು. ‘ನಿಮ್ಮ ಆಯುಸ್ಸಿನ ಚಿಂತೆಯಿದ್ದರೆ ನಿಮ್ಮ ಜಾತಕವನ್ನು ತನ್ನಿ ಯಜಮಾನರೇ, ನೋಡೋಣ.’

ಅವರು ನಕ್ಕುಬಿಟ್ಟರು. ತಮ್ಮ ಜಾತಕವನ್ನು ಅವರು ಈವರೆಗೆ ಬರೆಸಿಯೇ ಇರಲಿಲ್ಲ.