ಒಂದು ಗೇಣು ನೀರು: ಸಣ್ಣ ಹಡಗಿನಲ್ಲಿ ಕೊಮೊಡೊ ಪ್ರದಕ್ಷಿಣೆ

2008ನೆಯ ಇಸವಿಯ ಜೂನ್ ತಿಂಗಳಲ್ಲಿ ಇಂಡೊನೇಷ್ಯದ ಕೊಮೊಡೊ ದ್ವೀಪದ ಸಮೀಪದಲ್ಲಿ ಐದು ಮಂದಿ ಯುರೋಪಿಯನ್ನರು ಕಡಲಾಳದ ಸೊಬಗನ್ನು ನೋಡುವುದಕ್ಕಾಗಿ ನೀರಿಗಿಳಿದರು. ಬೆನ್ನಿಗೆ ಗಾಳಿಯ ಸಿಲಿಂಡರುಗಳನ್ನು ಕಟ್ಟಿಕೊಂಡು ಮುಳುಗುವ ವಿದ್ಯೆಯನ್ನು ಅವರು ಬಲ್ಲವರಾಗಿದ್ದರು. ಆದರೂ ಪ್ರವಾಹವು ಅವರನ್ನು ದೋಣಿಯಿಂದ ದೂರಕ್ಕೆ ಸೆಳೆದೊಯ್ದಿತು. ಗಂಟೆಗಟ್ಟಲೆ ತೇಲಿದ ಮೇಲೆ ಅವರು ರಿಂಚಾ ದ್ವೀಪದ ನಿರ್ಜನ ತೀರವೊಂದನ್ನು ಸೇರಿದರು. ಅಲ್ಲಿ ಬಂಡೆಗಳಿಗೆ ಅಂಟಿದ ಚಿಪ್ಪುಜೀವಿಗಳನ್ನು ತಿಂದು, ಹತ್ತಿರ ಬಂದ ದೈತ್ಯ ಉಡವನ್ನು ಕಲ್ಲೆಸೆದು ದೂರವಿಟ್ಟು, ಎರಡು ದಿನಗಳ ಬಳಿಕ ಹುಡುಕುವವರ ಕಣ್ಣಿಗೆ ಬಿದ್ದು ಬದುಕಿಕೊಂಡರು.

ಈಜು ಬಲ್ಲ ಐವರನ್ನು ಹುಲ್ಲುಕಡ್ಡಿಯಂತೆ ಸಾಗಿಸಿದ ಈ ಬಲ ಎಲ್ಲಿಯದು? ಅಂದು ಬಿರುಗಾಳಿ ಬೀಸಬೇಕಾಗಿರಲಿಲ್ಲ, ಅಲೆಗಳು ಎತ್ತರವಾಗಿ ಏಳಬೇಕಾಗಿರಲಿಲ್ಲ. ಪ್ರಶಾಂತವಾದ ದಿನದಲ್ಲಿಯೂ ಅಲ್ಲಿಯ ಕಡಲು ನದಿಯಂತೆ ಹರಿಯುತ್ತದೆ. ಇದರ ಕಾರಣವನ್ನು ಅರಿಯಬೇಕಾದರೆ ಕೊಮೊಡೊ ದ್ವೀಪವನ್ನು ಒಂದು ಸುತ್ತು ಸುತ್ತುವುದೇ ಮೇಲು. ವಾಚಕರೇ, ಈ ಲೇಖನದಲ್ಲಿ ನಾವು ಸಣ್ಣದೊಂದು ಹಡಗನ್ನು ಮನಸ್ಸಿನಲ್ಲಿಯೇ ಏರಿ ಆ ಪ್ರದಕ್ಷಿಣೆಯನ್ನು ಮಾಡೋಣ.

ಹಡಗು ಮತ್ತು ದಾರಿ

ಭೂಮಧ್ಯರೇಖೆಯಿಂದ ಸುಮಾರು ಎಂಟೂವರೆ ಡಿಗ್ರಿ ದಕ್ಷಿಣಕ್ಕೆ, ಸುಂಬಾವಾ ಮತ್ತು ಫ್ಲೋರೆಸ್ ಎಂಬ ಎರಡು ದೊಡ್ಡ ದ್ವೀಪಗಳ ನಡುವೆ, ಕೊಮೊಡೊ ಇದೆ. ಅದರ ಪೂರ್ವಕ್ಕೆ ಪಡಾರ್, ರಿಂಚಾ ಮೊದಲಾದ ಚಿಕ್ಕ ದ್ವೀಪಗಳು ಚೆದರಿಕೊಂಡಿವೆ. ಉತ್ತರದಲ್ಲಿ ಫ್ಲೋರೆಸ್ ಸಮುದ್ರ. ದಕ್ಷಿಣದಲ್ಲಿ ಹಿಂದೂ ಮಹಾಸಾಗರದ ನೀರು. ಪ್ರವಾಸದ ಹಡಗುಗಳು ಸಾಮಾನ್ಯವಾಗಿ ಫ್ಲೋರೆಸ್‌ನ ಪಶ್ಚಿಮ ತುದಿಯಲ್ಲಿರುವ ಲಬುವಾನ್ ಬಾಜೊ ಎಂಬ ಬಂದರಿನಿಂದ ಹೊರಡುತ್ತವೆ.

ನಾವು ಏರಿರುವುದು ಪಿನಿಸಿ ಮಾದರಿಯ ಮರದ ಹಡಗು. ಸುಲಾವೆಸಿ ದ್ವೀಪದ ದಕ್ಷಿಣ ತೀರದ ಬಡಗಿಗಳು ಇಂತಹ ಹಡಗುಗಳನ್ನು ತಲೆತಲಾಂತರದಿಂದ ಕಟ್ಟುತ್ತ ಬಂದಿದ್ದಾರೆ. ಮೊದಲು ಹೊರಮೈಯ ಹಲಗೆಗಳನ್ನು ಮರದ ಗೂಟಗಳಿಂದ ಜೋಡಿಸಿ, ಅನಂತರ ಒಳಗಿನ ಪಕ್ಕೆಗಳನ್ನು ಕೂರಿಸುವುದು ಅವರ ಕ್ರಮ. 2017ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕೌಶಲವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದಿನ ಪಿನಿಸಿಗಳು ಹಾಯಿಯನ್ನು ಹೊತ್ತಿದ್ದರೂ ಬಹುಮಟ್ಟಿಗೆ ಡೀಸೆಲ್ ಎಂಜಿನ್ನಿನಿಂದಲೇ ಸಾಗುತ್ತವೆ.

ದೊಡ್ಡ ಹಡಗನ್ನು ಬಿಟ್ಟು ಸಣ್ಣದನ್ನು ಆರಿಸಿಕೊಂಡುದೇಕೆ? ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಬೇಕೆಂಬ ಆರ್ಕಿಮಿಡೀಸನ ತತ್ತ್ವ ನಮಗೆ ತಿಳಿದದ್ದೇ. ಒಂದೇ ಆಕಾರದ ಹಡಗಿನ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿದರೆ ಅದು ಸರಿಸಬೇಕಾದ ನೀರು ಎಂಟುಮಡಿಯಾಗುತ್ತದೆ. ನೀರಿನೊಳಗೆ ಮುಳುಗಿರುವ ಭಾಗದ ಆಳವೂ ಎರಡರಷ್ಟಾಗುತ್ತದೆ. ಸಾವಿರಾರು ಜನರನ್ನು ಹೊರುವ ವಿಹಾರನೌಕೆಯ ಅಡಿಭಾಗ ಸುಮಾರು 8 ಮೀಟರ್ ಆಳಕ್ಕೆ ಇಳಿದಿರುತ್ತದೆ. ನಮ್ಮ ಹಡಗಿಗೆ ಎರಡು ಮೂರು ಮೀಟರ್ ಸಾಕು. ಆದುದರಿಂದ ಅದು ಹವಳದ ದಿಬ್ಬಗಳ ಅಂಚಿನವರೆಗೆ, ಸಣ್ಣ ಕೊಲ್ಲಿಗಳ ಒಳಕ್ಕೆ ಹೋಗಬಲ್ಲದು. ಆದರೆ ಸಣ್ಣ ಹಡಗಿಗೆ ಎಂಜಿನ್ನಿನ ಬಲವೂ ಸಣ್ಣದು. ನಮ್ಮದರ ವೇಗ 8 ನಾಟ್, ಅಂದರೆ ಗಂಟೆಗೆ 8 ನಾವಿಕ ಮೈಲಿ. ಒಂದು ನಾವಿಕ ಮೈಲಿಯೆಂದರೆ 1,852 ಮೀಟರ್. ಈ ಮಿತವಾದ ವೇಗವನ್ನು ಇಟ್ಟುಕೊಂಡೇ ನಾವು ಕಡಲನದಿಯನ್ನು ದಾಟಬೇಕು.

ಕಡಲು ಇಳಿಜಾರಾಗುವ ಬಗೆ

ಕೆರೆಯ ತೂಬನ್ನು ತೆಗೆದಾಗ ನೀರು ರಭಸದಿಂದ ನುಗ್ಗುವುದನ್ನು ನೋಡಿದ್ದೇವೆ. ತೂಬಿನ ಒಳಗಡೆ ನೀರಿನ ಮಟ್ಟ ಎತ್ತರದಲ್ಲಿದೆ, ಹೊರಗಡೆ ತಗ್ಗಿನಲ್ಲಿದೆ. ಈ ವ್ಯತ್ಯಾಸವೇ ರಭಸಕ್ಕೆ ಕಾರಣ. ಕೊಮೊಡೊದ ಅಕ್ಕಪಕ್ಕದ ಜಲಸಂಧಿಗಳು ಎರಡು ಸಮುದ್ರಗಳ ನಡುವಣ ತೂಬುಗಳಂತಿವೆ.

ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಕಡಲು ಉಬ್ಬುತ್ತದೆ, ಇಳಿಯುತ್ತದೆ. ಆದರೆ ಪ್ರತಿಯೊಂದು ಸಮುದ್ರದ ಆಳ ಬೇರೆ, ಆಕಾರ ಬೇರೆ. ಆದುದರಿಂದ ಉತ್ತರದ ಫ್ಲೋರೆಸ್ ಸಮುದ್ರದಲ್ಲಿ ನೀರು ಏರುವ ಹೊತ್ತೂ ಎತ್ತರವೂ ದಕ್ಷಿಣದ ಮಹಾಸಾಗರದಲ್ಲಿ ಏರುವ ಹೊತ್ತಿಗೂ ಎತ್ತರಕ್ಕೂ ಸರಿಹೊಂದುವುದಿಲ್ಲ. ಒಮ್ಮೆ ಉತ್ತರದ ಮಟ್ಟ ಮೇಲಾಗುತ್ತದೆ, ಕೆಲವು ಗಂಟೆಗಳ ಮೇಲೆ ದಕ್ಷಿಣದ ಮಟ್ಟ ಮೇಲಾಗುತ್ತದೆ. ಮೇಲಿರುವ ಕಡೆಯಿಂದ ತಗ್ಗಿನ ಕಡೆಗೆ ನೀರು ಇಕ್ಕಟ್ಟಾದ ಸಂಧಿಗಳಲ್ಲಿ ನುಗ್ಗುತ್ತದೆ.

ವ್ಯತ್ಯಾಸ ಎಷ್ಟಿದ್ದರೆ ಎಷ್ಟು ವೇಗ ಬಂದೀತು? ಪ್ರೌಢಶಾಲೆಯಲ್ಲಿ ಕಲಿತ ಲೆಕ್ಕವೇ ಇಲ್ಲಿ ನೆರವಾಗುತ್ತದೆ. ಎತ್ತರದಲ್ಲಿರುವ ನೀರಿನ ಪ್ರಚ್ಛನ್ನ ಶಕ್ತಿಯು ಇಳಿಯುವಾಗ ಚಲನ ಶಕ್ತಿಯಾಗಿ ಮಾರ್ಪಡುತ್ತದೆ. ಎತ್ತರವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ, ಇಮ್ಮಡಿಸಿ, ವರ್ಗಮೂಲವನ್ನು ತೆಗೆದರೆ ವೇಗ ದೊರೆಯುತ್ತದೆ. ಒಂದು ಗೇಣು, ಎಂದರೆ ಸುಮಾರು 20 ಸೆಂಟಿಮೀಟರ್ ವ್ಯತ್ಯಾಸವಿದೆಯೆಂದು ಇಟ್ಟುಕೊಳ್ಳೋಣ. 0.2ನ್ನು 9.8ರಿಂದ ಗುಣಿಸಿ ಇಮ್ಮಡಿಸಿದರೆ 3.92, ಅದರ ವರ್ಗಮೂಲ ಸುಮಾರು 2. ಅಂದರೆ ಸೆಕೆಂಡಿಗೆ 2 ಮೀಟರ್, ಹತ್ತಿರ ಹತ್ತಿರ 4 ನಾಟ್. ಜಗತ್ತಿನ ಅತಿವೇಗದ ಈಜುಗಾರರು 100 ಮೀಟರನ್ನು 46–47 ಸೆಕೆಂಡುಗಳಲ್ಲಿ ಮುಗಿಸುತ್ತಾರೆ. ಅವರ ವೇಗವೂ ಸೆಕೆಂಡಿಗೆ ಎರಡು ಮೀಟರಿಗಿಂತ ಕೊಂಚ ಹೆಚ್ಚು, ಅಷ್ಟೆ. ಅದೂ ಒಂದು ನಿಮಿಷದ ಒಳಗಿನ ಮಾತು. ಕಡಲು ಗಂಟೆಗಟ್ಟಲೆ ದಣಿಯುವುದಿಲ್ಲ. ಗೇಣುದ್ದದ ನೀರು ಮನುಷ್ಯನನ್ನು ಸೋಲಿಸುವುದು ಹೀಗೆ.

ವ್ಯತ್ಯಾಸ ಅರ್ಧ ಮೀಟರಾದರೆ ಇದೇ ಲೆಕ್ಕದಂತೆ ವೇಗ 6 ನಾಟ್. ಒಂದು ಮೀಟರಾದರೆ 8 ನಾಟಿಗೂ ಮೇಲೆ. ನಿಜವಾದ ಸಂಧಿಯಲ್ಲಿ ತಳದ ಘರ್ಷಣೆಯೂ ನೀರಿನ ಜಡತ್ವವೂ ಸೇರಿಕೊಳ್ಳುವುದರಿಂದ ಲೆಕ್ಕ ಇಷ್ಟು ಸರಳವಲ್ಲ. ಆದರೂ ಗೇಣು, ಮೊಳಗಳ ವ್ಯತ್ಯಾಸವೇ ಇಂತಹ ಪ್ರವಾಹಗಳನ್ನು ಹುಟ್ಟಿಸಬಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಯುವ ಕಲೆ

ನಮ್ಮ ಹಡಗು ಕೊಮೊಡೊದ ಈಶಾನ್ಯ ತುದಿಯ ಗಿಲಿ ಲಾವಾ ದ್ವೀಪಗಳ ಮರೆಯಲ್ಲಿ ನಿಂತಿದೆ. ಮುಂದೆ ಲಿಂಟಾ ಜಲಸಂಧಿಯನ್ನು ಹಿಡಿದು ದಕ್ಷಿಣಕ್ಕೆ ಇಳಿಯಬೇಕು. ಆಕಾಶ ತಿಳಿಯಾಗಿದೆ, ಎಂಜಿನ್ ಸರಿಯಾಗಿದೆ. ಆದರೂ ನೌಕಾಧಿಪತಿ ಹೊರಡುತ್ತಿಲ್ಲ. ಇದು ಸೋಮಾರಿತನವೆ? ಲೆಕ್ಕ ಹಾಕಿ ನೋಡೋಣ.

ಮುಂದಿರುವ ಇಕ್ಕಟ್ಟಿನ ದಾರಿ 6 ನಾವಿಕ ಮೈಲಿಯೆಂದು ತಿಳಿಯೋಣ. ನಿಂತ ನೀರಿನಲ್ಲಿ 8 ನಾಟ್ ವೇಗದ ಹಡಗಿಗೆ ಇದು 45 ನಿಮಿಷದ ಪಯಣ. 6 ನಾಟಿನ ಪ್ರವಾಹ ಎದುರಾದರೆ ಉಳಿಯುವ ವೇಗ 2 ನಾಟ್ ಮಾತ್ರ. ಅದೇ ದಾರಿಗೆ 3 ಗಂಟೆ ಬೇಕು, ಎಣ್ಣೆ ನಾಲ್ಕರಷ್ಟು ಬೇಕು. ಹಾಗಾದರೆ ಪ್ರವಾಹದ ಜೊತೆಯಲ್ಲೇ ಹೋದರೆ ಆಗದೆ? ಆಗ 26 ನಿಮಿಷ ಸಾಕು, ನಿಜ. ಆದರೆ ಚುಕ್ಕಾಣಿಯ ಮಾತನ್ನು ಮರೆಯಬಾರದು. ಚುಕ್ಕಾಣಿಯು ತನ್ನ ಮೈಮೇಲೆ ಹರಿಯುವ ನೀರನ್ನು ತಿರುಗಿಸಿ ಹಡಗನ್ನು ತಿರುಗಿಸುತ್ತದೆ. ಹಡಗು ನೀರಿನೊಡನೆಯೇ ತೇಲುತ್ತಿದ್ದರೆ ಚುಕ್ಕಾಣಿಯ ಮೇಲೆ ನೀರಿನ ಹರಿವೇ ಇರುವುದಿಲ್ಲ. ವೇಗವನ್ನು ತಗ್ಗಿಸಿ ಎಚ್ಚರದಿಂದ ಹೋಗೋಣವೆಂದರೆ ಹಿಡಿತವೇ ತಪ್ಪುತ್ತದೆ. ಅಂತಹ ಹೊತ್ತಿನಲ್ಲಿ ಎಂಜಿನ್ ನಿಂತುಹೋದರೆ 6 ನಾಟಿನ ಪ್ರವಾಹವು ಹಡಗನ್ನು ನಿಮಿಷಕ್ಕೆ 185 ಮೀಟರಿನಂತೆ ಮುಂದಿನ ಬಂಡೆಯತ್ತ ಒಯ್ಯುತ್ತದೆ. ಲಂಗರನ್ನು ಹಾಕಿದರೂ ತೊಂದರೆ ತಪ್ಪದು. ನೀರಿನ ತಳ್ಳುವಿಕೆ ವೇಗದ ವರ್ಗಕ್ಕೆ ಅನುಗುಣವಾದುದರಿಂದ, 6 ನಾಟಿನ ಪ್ರವಾಹವು 2 ನಾಟಿನದಕ್ಕಿಂತ ಒಂಬತ್ತರಷ್ಟು ಬಲವಾಗಿ ಲಂಗರಿನ ಸರಪಣಿಯನ್ನು ಎಳೆಯುತ್ತದೆ.

ಆದುದರಿಂದ ನೀರು ದಿಕ್ಕು ಬದಲಿಸುವ ಮುನ್ನ ಕೆಲಕಾಲ ತಟಸ್ಥವಾಗುವ ಗಳಿಗೆಗಾಗಿ ಕಾಯಬೇಕು. ಈ ಗಳಿಗೆ ಉಬ್ಬರದ ತುದಿಯಲ್ಲಿಯೇ ಬರುತ್ತದೆಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು. ಸಂಧಿಯಲ್ಲಿ ನೀರು ನಿಲ್ಲುವುದು ಎರಡು ಕೊನೆಗಳ ಮಟ್ಟ ಹೆಚ್ಚುಕಡಿಮೆ ಸಮವಾದಾಗ. ಆಗ ದಡದಲ್ಲಿ ನೀರು ಪೂರ್ತಿ ಏರಿರಬೇಕೆಂಬ ನಿಯಮವಿಲ್ಲ. ಚಂದ್ರನು ದಿನವೂ ಸುಮಾರು 50 ನಿಮಿಷ ತಡವಾಗಿ ಮೂಡುವುದರಿಂದ ಈ ಗಳಿಗೆಯೂ ದಿನದಿಂದ ದಿನಕ್ಕೆ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಪ್ರವಾಹ ಅತಿ ಪ್ರಬಲ; ಅಷ್ಟಮಿಯ ಸುಮಾರಿಗೆ ಸೌಮ್ಯ. ಗಡಿಯಾರಕ್ಕಿಂತ ಪಂಚಾಂಗವೇ ಇಲ್ಲಿಯ ನಾವಿಕನಿಗೆ ಹೆಚ್ಚು ಹತ್ತಿರವೆಂದರೆ ತಪ್ಪಾಗಲಾರದು. ಪ್ರಯಾಣಿಕರ ಅವಸರಕ್ಕೆ ಮಣಿಯದೆ ಕಾಯುವ ನೌಕಾಧಿಪತಿಯೇ ನಮ್ಮ ಪ್ರಾಣರಕ್ಷಕ.

ತಣ್ಣೀರಿನ ಕೊಡುಗೆ

ನೀರು ಶಾಂತವಾಯಿತು, ನಾವು ಸಂಧಿಯನ್ನು ಇಳಿದೆವು. ಬಲಗಡೆಯಲ್ಲಿ ನಸುಗೆಂಪು ಮರಳಿನ ಕಡಲತೀರವೊಂದು ಕಾಣುತ್ತದೆ. ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಕೆಂಪು ಚಿಪ್ಪುಗಳೂ ಕೆಂಪು ಹವಳದ ಪುಡಿಯೂ ಬಿಳಿಯ ಮರಳಿನಲ್ಲಿ ಬೆರೆತು ಈ ಬಣ್ಣವನ್ನು ತಂದಿವೆ.

ದ್ವೀಪದ ದಕ್ಷಿಣಕ್ಕೆ ಬಂದಂತೆ ಉಷ್ಣಮಾಪಕವು ಅಚ್ಚರಿಯನ್ನು ತೋರುತ್ತದೆ. ಉಷ್ಣವಲಯದ ನಡುವೆಯೇ ಇದ್ದರೂ ಇಲ್ಲಿಯ ನೀರು ಉತ್ತರದ ನೀರಿಗಿಂತ ಹಲವು ಡಿಗ್ರಿಗಳಷ್ಟು ತಂಪು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಆಗ್ನೇಯದಿಂದ ಗಾಳಿ ಬೀಸುತ್ತದೆ. ಭೂಮಿಯ ಭ್ರಮಣದ ಫಲವಾಗಿ ದಕ್ಷಿಣಾರ್ಧಗೋಳದಲ್ಲಿ ಮೇಲ್ಪದರದ ನೀರು ಒಟ್ಟಾರೆ ಗಾಳಿಯ ದಿಕ್ಕಿಗೆ ಎಡಕ್ಕೆ ಸರಿಯುತ್ತದೆ. ಇಲ್ಲಿ ಎಡವೆಂದರೆ ತೀರದಿಂದ ಹೊರಕ್ಕೆ. ಹೀಗೆ ತೆರವಾದ ಜಾಗವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಆಳದ ನೀರಿನಲ್ಲಿ ಗೊಬ್ಬರದಂತಹ ಲವಣಗಳು ಶೇಖರವಾಗಿರುತ್ತವೆ. ಅವು ಬಿಸಿಲಿಗೆ ಬಂದೊಡನೆ ಪ್ಲವಕಗಳೆಂಬ ಸಣ್ಣ ಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಉಬ್ಬರವಿಳಿತದ ಪ್ರವಾಹಗಳು ಈ ಆಹಾರವನ್ನು ಸಂಧಿಗಳ ಮೂಲಕ ಹವಳದ ದಿಬ್ಬಗಳಿಗೆ ಹಂಚುತ್ತವೆ. ಮಾಂಟಾ ಎಂಬ ಬೃಹತ್ತಾದ ತೊರಕೆ ಮೀನುಗಳು ಪ್ರವಾಹಕ್ಕೆ ಎದುರಾಗಿ ಬಾಯ್ತೆರೆದು ಬಂದ ಊಟವನ್ನು ಸೋಸಿಕೊಳ್ಳುತ್ತವೆ. ಮುಳುಗುಗಾರನನ್ನು ಸೆಳೆದೊಯ್ಯುವ ಪ್ರವಾಹವೇ ಇಲ್ಲಿಯ ಜೀವಲೋಕವನ್ನು ಸಾಕುವ ತಾಯಿಯೂ ಹೌದು.

ಈ ಬದಿಯಲ್ಲಿ ಇನ್ನೊಂದು ಎಚ್ಚರ ಬೇಕು. ಮಹಾಸಾಗರದಿಂದ ಬರುವ ಅಲೆಗಳಿಗೆ ಪ್ರವಾಹವು ಎದುರಾದಾಗ ಅಲೆಗಳ ಉದ್ದ ಕುಗ್ಗುತ್ತದೆ, ಎತ್ತರ ಹೆಚ್ಚುತ್ತದೆ, ಇಳಿಜಾರು ಕಡಿದಾಗುತ್ತದೆ. ಪ್ರಯಾಣಿಕರ ಅನುಕೂಲಕ್ಕೆಂದು ಮೇಲೆ ಮೇಲೆ ಅಂತಸ್ತುಗಳನ್ನು ಕಟ್ಟಿ ಗುರುತ್ವಕೇಂದ್ರವನ್ನು ಏರಿಸಿಕೊಂಡ ಹಡಗಿಗೆ ಇಂತಹ ಅಲೆಗಳು ಅಪಾಯಕಾರಿ.

ಉಡದ ನಾಡು

ಪಶ್ಚಿಮದ ಸಾಪೆ ಜಲಸಂಧಿಯನ್ನು ಹಿಡಿದು ನಾವು ಉತ್ತರಕ್ಕೆ ತಿರುಗುತ್ತೇವೆ. ಬಲಗಡೆ ಕೊಮೊಡೊ, ಎಡಗಡೆ ಸುಂಬಾವಾ. ವಾಯವ್ಯದಲ್ಲಿ 2014ರ ಮೇ ತಿಂಗಳಲ್ಲಿ ಸಿಡಿದ ಸಂಗೆಯಾಂಗ್ ಅಗ್ನಿಪರ್ವತವಿದೆ.

ಬಲಗಡೆಯ ನೆಲದ ಮೇಲೆ, 3 ಮೀಟರಿನಷ್ಟು ಉದ್ದ ಬೆಳೆಯಬಲ್ಲ, ಜಗತ್ತಿನ ಅತ್ಯಂತ ದೊಡ್ಡ ಉಡವು ವಾಸಿಸುತ್ತದೆ. 1912ರಲ್ಲಿ ಜಾವಾ ದ್ವೀಪದ ಪ್ರಾಣಿ ಸಂಗ್ರಹಾಲಯದ ಪೀಟರ್ ಔವೆನ್ಸ್ ಎಂಬವರು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಎಡಗಡೆಯ ಸುಂಬಾವಾದಲ್ಲಿ ಈ ಪ್ರಾಣಿ ಇಲ್ಲ. ಕೊಮೊಡೊ, ರಿಂಚಾ, ಎರಡು ಸಣ್ಣ ದ್ವೀಪಗಳು ಮತ್ತು ಫ್ಲೋರೆಸ್‌ನ ಕೆಲವು ಭಾಗಗಳಲ್ಲಿ ಮಾತ್ರ ಇದೆ. ಇದಕ್ಕೂ ನೀರಿನ ಮಟ್ಟಕ್ಕೂ ನಂಟುಂಟು. ಕೊನೆಯ ಹಿಮಯುಗದಲ್ಲಿ ಅಪಾರವಾದ ನೀರು ಭೂಖಂಡಗಳ ಮೇಲೆ ಹಿಮವಾಗಿ ನಿಂತುದರಿಂದ ಕಡಲು ಇಂದಿಗಿಂತ ಸುಮಾರು 120 ಮೀಟರ್ ತಗ್ಗಿತ್ತು. ಆಗ ಕೊಮೊಡೊ, ರಿಂಚಾ, ಫ್ಲೋರೆಸ್ ಒಂದೇ ನೆಲವಾಗಿದ್ದುವು. ಹಿಮ ಕರಗಿ ಕಡಲೇರಿದಾಗ ಬೆಟ್ಟಗಳು ದ್ವೀಪಗಳಾದುವು, ಕಣಿವೆಗಳು ಸಂಧಿಗಳಾದುವು. ಉಡವು ಈಜಬಲ್ಲದಾದರೂ ದ್ವೀಪದಿಂದ ದ್ವೀಪಕ್ಕೆ ಹೋಗುವುದು ಅಪರೂಪ. ನಮ್ಮ ಹಡಗನ್ನು ಕಾಯಿಸಿದ ಪ್ರವಾಹವೇ ಅದಕ್ಕೂ ಬೇಲಿಯಾಗಿದೆ.

ಇಂಡೊನೇಷ್ಯ ಸರ್ಕಾರವು 1980ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. 1991ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಆದರೂ 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಉಡವನ್ನು ಅಳಿವಿನಂಚಿನ ಪ್ರಾಣಿಗಳ ವರ್ಗಕ್ಕೆ ಸೇರಿಸಬೇಕಾಯಿತು. ಭೂಮಿಯ ಬಿಸಿ ಹೆಚ್ಚಿ ಕಡಲು ಏರುವುದರಿಂದ, ಮುಂದಿನ 45 ವರ್ಷಗಳಲ್ಲಿ ಅದರ ವಾಸಯೋಗ್ಯ ನೆಲದಲ್ಲಿ ನೂರಕ್ಕೆ 30 ಪಾಲಾದರೂ ಕಡಿಮೆಯಾದೀತೆಂದು ಆ ಒಕ್ಕೂಟವು ಅಂದಾಜು ಮಾಡಿತು. ಉಡಗಳಿಗೆ ಪ್ರಿಯವಾದ ಕಣಿವೆಗಳು ಬಹುಮಟ್ಟಿಗೆ ಕಡಲಿನತ್ತ ತೆರೆದ ತಗ್ಗುಭೂಮಿಗಳು. ಕಡಲು ಮೇಲೇರಿದರೆ ಅವು ಹಿಂದೆ ಸರಿಯಬೇಕು. ಹಿಂದೆ ಇರುವುದು ಕಡಿದಾದ ಬೆಟ್ಟ.

1901ರಿಂದ 2018ರವರೆಗೆ ಪ್ರಪಂಚದ ಕಡಲುಗಳ ಸರಾಸರಿ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇದೂ ಒಂದು ಗೇಣು. ಗೇಣು ನೀರೆಂದರೆ ಏನು ಮಹಾ ಎಂದು ಕೇಳುವವರಿಗೆ ಕೊಮೊಡೊದ ನಾವಿಕನು ಉತ್ತರ ಹೇಳಬಲ್ಲನು. ಅವನಿಗೆ ಆ ಗೇಣು ಆರು ಗಂಟೆಗಳಲ್ಲಿ ಬಂದು ಹೋಗುತ್ತದೆ. ಕಾದರೆ ತಾನಾಗಿ ತೊಲಗುತ್ತದೆ. ನೂರು ವರ್ಷಗಳಲ್ಲಿ ಬಂದ ಈ ಗೇಣು ಕಾದಷ್ಟೂ ಬೆಳೆಯುತ್ತಿದೆ.

ನಮ್ಮ ಹಡಗು ಗಿಲಿ ಲಾವಾದ ಮರೆಗೆ ಮರಳಿ ಬಂದಿದೆ. ನೌಕಾಧಿಪತಿಯು ಲಂಗರನ್ನು ಹವಳದ ಮೇಲೆ ಎಸೆಯದೆ, ತಳಕ್ಕೆ ಭದ್ರಪಡಿಸಿ ನೀರಿನ ಮೇಲೆ ತೇಲಬಿಟ್ಟಿರುವ ಪೀಪಾಯಿಗೆ ಹಗ್ಗವನ್ನು ಕಟ್ಟಿಸುತ್ತಾನೆ. ಗುಂಡಾಗಿ ಬೆಳೆಯುವ ಹವಳವು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ಲಂಗರಿನ ಒಂದು ಏಟು ಹತ್ತಾರು ವರ್ಷಗಳ ಬೆಳವಣಿಗೆಯನ್ನು ಮುರಿಯುತ್ತದೆ. ಹಗ್ಗ ಬಿಗಿಯಾಯಿತು. ಪೀಪಾಯಿಯ ಎರಡು ಬದಿಗಳಲ್ಲಿ ನೀರು ಸೀಳಿ ಸಣ್ಣ ಸುಳಿಗಳು ಏಳತೊಡಗಿವೆ. ಪ್ರವಾಹ ಮತ್ತೆ ದಿಕ್ಕು ಬದಲಿಸಿದೆ.