ಇಂಪ್ಲಾಂಟ್ ಹಲ್ಲು: ಕೊರೆಯುವ ಮುನ್ನ ನಕ್ಷೆ ಇರಲಿ

ದವಡೆಹಲ್ಲು ಕಳೆದುಕೊಂಡ ಹಿರಿಯರು ಮೊದಲು ಮಾಂಸ ಬಿಡುತ್ತಾರೆ, ಆಮೇಲೆ ರೊಟ್ಟಿ ಬಿಡುತ್ತಾರೆ, ಕೊನೆಗೆ ಗಂಜಿಗೆ ಇಳಿಯುತ್ತಾರೆ. ಒಸಡಿನ ಆರೈಕೆಗೆ ಯುನಾನಿಯಲ್ಲಿ ಸನೂನ್ ಎಂಬ ಹಲ್ಲುಪುಡಿಗಳಿವೆ. ಆದರೆ ಬಿದ್ದ ಹಲ್ಲನ್ನು ಮತ್ತೆ ಬೆಳೆಸುವ ಮದ್ದು ನಮ್ಮಲ್ಲಿಲ್ಲ. ಅದಕ್ಕೆ ದಂತವೈದ್ಯರ ಬಳಿಯೇ ಹೋಗಬೇಕು.

ಸಾವಿರ ವರ್ಷಗಳ ಹಿಂದೆ ಕೊರ್ಡೋಬಾದ ಶಸ್ತ್ರವೈದ್ಯ ಅಲ್-ಝಹ್ರಾವಿ, ಎತ್ತಿನ ಮೂಳೆಯಿಂದ ಹಲ್ಲು ಕೆತ್ತಿ ಚಿನ್ನದ ತಂತಿಯಲ್ಲಿ ಕಟ್ಟುವುದನ್ನು ವಿವರಿಸಿದ್ದರು. ಇಂದು ದವಡೆಯ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಜೋಡಿಸುತ್ತಾರೆ. ಇದೇ ಇಂಪ್ಲಾಂಟ್.

ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ. ಡ್ರಿಲ್ ಅದಕ್ಕೆ ತಗುಲಿದರೆ ತುಟಿ, ಗಲ್ಲ ಮರಗಟ್ಟುತ್ತವೆ. ಕೆಲವೊಮ್ಮೆ ಅದು ಶಾಶ್ವತ. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಯ ಪೊಳ್ಳು ಇದೆ. ಸಾಮಾನ್ಯ ಎಕ್ಸ್-ರೇಯಲ್ಲಿ ಮೂಳೆಯ ಎತ್ತರ ಕಂಡರೂ ದಪ್ಪ ಕಾಣದು. ಸಿ.ಬಿ.ಸಿ.ಟಿ. ಸ್ಕ್ಯಾನ್ ಮಾತ್ರ ಉದ್ದ, ಅಗಲ, ಆಳ ಮೂರನ್ನೂ ತೋರಿಸುತ್ತದೆ.

ಈ ಸ್ಕ್ಯಾನನ್ನು, ಹಲ್ಲು-ಒಸಡುಗಳ ಡಿಜಿಟಲ್ ಅಚ್ಚನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಹಲ್ಲು ಎಲ್ಲಿ ಬರಬೇಕೆಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಸ್ಕ್ರೂವಿನ ಜಾಗ, ಓರೆ, ಆಳ ಗುರುತಿಸುತ್ತಾರೆ. ನರದಿಂದ ಸಾಮಾನ್ಯವಾಗಿ 2 ಮಿ.ಮೀ. ಅಂತರ ಬಿಡುತ್ತಾರೆ. ನಂತರ ತ್ರೀ-ಡಿ ಪ್ರಿಂಟರಿನಲ್ಲಿ ರಂಧ್ರವಿರುವ ಒಂದು ಗೈಡ್ ತಯಾರಾಗುತ್ತದೆ. ಅದನ್ನು ಬಾಯಲ್ಲಿ ಕೂರಿಸಿದಾಗ ಡ್ರಿಲ್ ಆ ರಂಧ್ರದ ದಾರಿಯಲ್ಲೇ ಇಳಿಯುತ್ತದೆ.

ಹಾಗೆಂದು ಗೈಡ್ ಇದ್ದರೆ ಸಾಕು ಎಂದುಕೊಳ್ಳಬೇಡಿ. ಅದು ಅಲುಗಾಡಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಸರಿಯಾಗಿ ಕುಳಿತಾಗಲೂ ಸುಮಾರು 1 ಮಿ.ಮೀ. ವ್ಯತ್ಯಾಸ ಬರಬಹುದು. ಬಾಯಿ ಹೆಚ್ಚು ತೆರೆಯಲಾಗದವರಲ್ಲಿ ಹಿಂದಿನ ಹಲ್ಲಿಗೆ ಗೈಡ್ ಬಳಸುವುದೇ ಕಷ್ಟ. ವೈದ್ಯರ ಅನುಭವ ಇಲ್ಲೂ ಬೇಕೇ ಬೇಕು.

ನಕ್ಷೆಯಿಂದ ನಮಗೆ ಇನ್ನೊಂದು ಉಪಕಾರವಿದೆ. ಮೂಳೆ ಸಾಲದೆಂಬುದು ಮುಂಚೆಯೇ ತಿಳಿಯುತ್ತದೆ. ಆಗ ತುಂಬುವ ಮೂಳೆಪುಡಿ ದನದ್ದು, ಹಂದಿಯದ್ದು, ಮನುಷ್ಯರದ್ದು ಅಥವಾ ಕೃತಕವಾಗಿ ತಯಾರಿಸಿದ್ದು ಆಗಿರಬಹುದು. ಅದರ ಮೇಲೆ ಹೊದಿಸುವ ಪದರವೂ ಪ್ರಾಣಿಜನ್ಯವಾಗಿರಬಹುದು. ಕುರ್ಚಿಯಲ್ಲಿ ಮಲಗಿದ ಮೇಲೆ ಕೇಳುವ ಮಾತಲ್ಲ ಇದು. ಯಾವ ಮೂಲದ್ದೆಂದು ಮೊದಲೇ ಕೇಳಿ, ಕೃತಕ ಪುಡಿ ಸಾಧ್ಯವೇ ವಿಚಾರಿಸಿ. ಸಂದೇಹವಿದ್ದರೆ ನಿಮ್ಮ ಆಲಿಮರ ಸಲಹೆ ಪಡೆಯಿರಿ.

ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧ, ನಮ್ಮಂಥವರು ಕೊಟ್ಟ ಮಜೂನ್‌ಗಳು, ಯಾವುದನ್ನೂ ಮುಚ್ಚಿಡಬೇಡಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ತುರ್ತಿಲ್ಲದಿದ್ದರೆ ರಮಝಾನ್ ಕಳೆದ ಮೇಲೆ ದಿನ ಗೊತ್ತುಮಾಡಿ. ಔಷಧಿ, ಮೆತ್ತಗಿನ ಆಹಾರ ಹೊತ್ತಿಗೆ ಸರಿಯಾಗಿ ಸೇವಿಸಬಹುದು.

ಸ್ಕ್ರೂ ಮೂಳೆಗೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಹೊಸ ಹಲ್ಲಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ಒಸಡಿಗೆ ಸೋಂಕು ತಗುಲಬಹುದು. ಮಿಸ್ವಾಕ್ ಆಗಲಿ, ಬ್ರಷ್ ಆಗಲಿ, ಒಸಡಿನ ಅಂಚಿನವರೆಗೆ ದಿನವೂ ಮೃದುವಾಗಿ ಶುಚಿಗೊಳಿಸಿ. ದೇಹ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಅದನ್ನು ಕೊರೆಯಲು ಒಪ್ಪಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ.